ದೂರಸ್ಥರ ಸಮದರ್ಶನ: ಒಂದು ಐತಿಹಾಸಿಕ ವಿವೇಚನೆ

ಎರಡು ಕೈಫಿಯತ್ತುಗಳು ಒಂದೇ ಸಂಗತಿಯನ್ನು ಹೇಳಿದ ಮಾತ್ರಕ್ಕೆ ಅದಕ್ಕೆ ಎರಡು ಸಾಕ್ಷ್ಯಗಳು ದೊರೆತುವೆಂದು ಇತಿಹಾಸದ ವಿದ್ಯಾರ್ಥಿಯು ಒಪ್ಪಲಾರನು. ಒಂದನ್ನು ನೋಡಿ ಮತ್ತೊಂದನ್ನು ಬರೆದಿದ್ದ ಪಕ್ಷದಲ್ಲಿ ಸಾಕ್ಷ್ಯವು ಒಂದೇ ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಬೇರೆ ಬೇರೆ ದೇಶಗಳಲ್ಲಿರುವ ಸಂಶೋಧಕರು ಒಂದೇ ದತ್ತಾಂಶವನ್ನು ತಂತ್ರಾಂಶದ ನೆರವಿನಿಂದ ಚಿತ್ರರೂಪಕ್ಕೆ ತಂದು ಕೂಡಿ ನೋಡುವುದು ಇಂದು ವಾಡಿಕೆಯಾಗಿದೆ. ಹೀಗೆ ನೋಡಿದವರೆಲ್ಲರೂ ಒಂದೇ ಮಾತನ್ನಾಡಿದರೆ ಅದನ್ನು ಎಷ್ಟು ಸಾಕ್ಷ್ಯಗಳೆಂದು ಎಣಿಸಬೇಕು? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪಮಟ್ಟಿಗೆ ಪರಿಶೀಲಿಸಲು ಯತ್ನಿಸಿದ್ದೇವೆ.

ಈ ಪದ್ಧತಿಯು ಗಣಕಯಂತ್ರದೊಡನೆ ಹುಟ್ಟಿತೆಂಬ ಸಾಮಾನ್ಯ ಅಭಿಪ್ರಾಯವು ಸರಿಯಲ್ಲ. ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿಯವರು ನಾವಿಕರ ದಿನಚರಿಗಳನ್ನು ಕೂಡಿಸಿ, ಗಾಳಿ ಮತ್ತು ಸಮುದ್ರಪ್ರವಾಹಗಳ ನಕ್ಷೆಗಳನ್ನು 1847ನೆಯ ಇಸವಿಯಿಂದ ಪ್ರಕಟಿಸತೊಡಗಿದರು. ತಮ್ಮ ವೀಕ್ಷಣೆಗಳನ್ನು ಕಳುಹಿಸಿಕೊಟ್ಟ ನಾವಿಕರಿಗೆ ನಕ್ಷೆಯು ಉಚಿತವಾಗಿ ದೊರೆಯುತ್ತಿತ್ತು. ಬೇರೆ ಬೇರೆ ರಾಷ್ಟ್ರಗಳ ಹಡಗುಗಳು ಒಂದೇ ಮಾದರಿಯ ದಿನಚರಿಯನ್ನು ಇಡುವ ವಿಚಾರವನ್ನು 1853ರಲ್ಲಿ ಬ್ರಸೆಲ್ಸಿನಲ್ಲಿ ಸೇರಿದ ಸಮ್ಮೇಳನವು ಗೊತ್ತುಪಡಿಸಿತು. ಆದರೆ ನಕ್ಷೆಯನ್ನು ರಚಿಸುವ ಅಧಿಕಾರವು ವಾಷಿಂಗ್ಟನ್ನಿನ ಕಛೇರಿಯೊಂದರಲ್ಲಿಯೇ ಉಳಿಯಿತು. ನಾವಿಕನು ಅದನ್ನು ನೋಡಬಹುದಾಗಿತ್ತೇ ಹೊರತು ತಿದ್ದುವಂತಿರಲಿಲ್ಲ.

ಇದೇ ಅಧಿಕಾರದ ಪ್ರಶ್ನೆಯು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. ಅಂದು ಡಗ್ಲಸ್ ಎಂಗಲ್‌ಬಾರ್ಟ್ ಅವರು ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಗಣಕಯಂತ್ರವನ್ನು ಸಭೆಯ ಮುಂದೆ ನಡೆಸಿ ತೋರಿಸಿದರು. ಅಲ್ಲಿದ್ದ ಸಹೋದ್ಯೋಗಿ ಬಿಲ್ ಪ್ಯಾಕ್ಸ್‌ಟನ್ ಅವರ ಮುಖವು ತೆರೆಯ ಮೇಲೆ ಮೂಡಿತು. ಒಂದೇ ಬರಹದ ಮೇಲೆ ಇಬ್ಬರ ಸೂಚಕಗಳೂ ಸಂಚರಿಸಿದವು. ಪ್ಯಾಕ್ಸ್‌ಟನ್ ಅವರು ಬರಹವನ್ನು ತೋರಿಸಬಲ್ಲರು, ಮಾರ್ಪಡಿಸುವ ಹಕ್ಕು ಮಾತ್ರ ತಮ್ಮದೆಂದು ಎಂಗಲ್‌ಬಾರ್ಟ್ ವಿನೋದವಾಗಿ ಹೇಳಿದರು. ಈ ವಿನೋದವನ್ನು ಚರಿತ್ರಕಾರರು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ಕೂಡಿ ನೋಡುವಲ್ಲಿ ಒಬ್ಬನ ಕೈ ಮೇಲಾಗುವುದು ಸುಲಭವೆಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ಇದಕ್ಕಿಂತಲೂ ನಮ್ಮ ಪ್ರಶ್ನೆಗೆ ಹತ್ತಿರವಾದುದು ಈವೆಂಟ್ ಹೊರೈಜನ್ ಟೆಲಿಸ್ಕೋಪ್ ಎಂಬ ಸಹಯೋಗದ ವೃತ್ತಾಂತ. 2017ರ ಏಪ್ರಿಲಿನಲ್ಲಿ ಹವಾಯಿ, ಅರಿಜೋನ, ಮೆಕ್ಸಿಕೋ, ಚಿಲಿ, ಸ್ಪೇನ್ ಮತ್ತು ದಕ್ಷಿಣ ಧ್ರುವ ಈ ಆರು ಎಡೆಗಳ ಎಂಟು ರೇಡಿಯೋ ದೂರದರ್ಶಕಗಳು ವೀಕ್ಷಣೆ ನಡೆಸಿದವು. ಎಂ 87 ಎಂಬ ನಕ್ಷತ್ರಪುಂಜದ ನಡುವಣ ಕಪ್ಪುಕುಳಿಯನ್ನು ಚಿತ್ರಿಸುವುದು ಅವುಗಳ ಉದ್ದೇಶಗಳಲ್ಲೊಂದು. ಸಂಗ್ರಹವಾದ ದತ್ತಾಂಶವು ಪೆಟಾಬೈಟುಗಳ ಪ್ರಮಾಣದ್ದು. ಅಂತರಜಾಲದ ಮೂಲಕ ಅದನ್ನು ಕಳುಹಿಸುವುದು ಕಾರ್ಯಸಾಧ್ಯವಲ್ಲದುದರಿಂದ ಡಿಸ್ಕುಗಳನ್ನು ವಿಮಾನದಲ್ಲಿ ಮ್ಯಾಸಚೂಸೆಟ್ಸಿಗೂ ಜರ್ಮನಿಯ ಬಾನ್ ನಗರಕ್ಕೂ ಸಾಗಿಸಬೇಕಾಯಿತು. ದಕ್ಷಿಣ ಧ್ರುವದ ಡಿಸ್ಕುಗಳಂತೂ ಅಲ್ಲಿಯ ಚಳಿಗಾಲ ಮುಗಿಯುವವರೆಗೂ ಕಾದಿದ್ದವು. ಜಗತ್ತಿನ ಅತ್ಯಾಧುನಿಕ ಪ್ರಯೋಗವೂ ಹವೆಗೆ ಹೀಗೆ ತಲೆಬಾಗಬೇಕಾಯಿತು!

ದೂರದರ್ಶಕಗಳ ಸಂಖ್ಯೆ ಕಡಮೆಯಾದುದರಿಂದ ಅಳತೆಗಳಲ್ಲಿ ತೆರಪುಗಳು ಬಹಳ. ಸವೆದ ಶಾಸನದಲ್ಲಿ ಅಳಿದ ಅಕ್ಷರಗಳನ್ನು ಊಹಿಸುವಂತೆಯೇ ಇಲ್ಲಿಯೂ ಬಿಟ್ಟುಹೋದುದನ್ನು ತಂತ್ರಾಂಶವು ತುಂಬಬೇಕು; ಒಂದೇ ದತ್ತಾಂಶಕ್ಕೆ ಹಲವು ಚಿತ್ರಗಳು ಹೊಂದಬಹುದು. ಕಪ್ಪುಕುಳಿಯ ಸುತ್ತ ಉಂಗುರವೊಂದು ಕಾಣಬೇಕೆಂದು ಸಿದ್ಧಾಂತವು ಮೊದಲೇ ಹೇಳಿದ್ದಿತು. ಬೇಕಾದುದನ್ನೇ ಓದಿಕೊಳ್ಳುವ ಅಪಾಯ ಎಷ್ಟೆಂಬುದನ್ನು ಶಾಸನ ಓದಿದವರಿಗೆ ಹೇಳಬೇಕಾಗಿಲ್ಲ. ಆದಕಾರಣ 2018ರಲ್ಲಿ ಸಂಶೋಧಕರು ನಾಲ್ಕು ತಂಡಗಳಾಗಿ ಬೇರ್ಪಟ್ಟರು. ಒಂದು ತಂಡವು ಮುಖ್ಯವಾಗಿ ಅಮೆರಿಕದಲ್ಲಿ, ಮತ್ತೊಂದು ಪೂರ್ವ ಏಷ್ಯದಲ್ಲಿ; ಉಳಿದೆರಡರ ಸದಸ್ಯರು ಬೇರೆ ಬೇರೆ ಖಂಡಗಳಲ್ಲಿ. ತಮ್ಮ ಚಿತ್ರವನ್ನು ಬೇರೆ ತಂಡಕ್ಕೆ ತೋರಿಸಕೂಡದೆಂಬುದು ಕಟ್ಟಳೆ. ವಾರಗಳ ತರುವಾಯ, ಜುಲೈ ತಿಂಗಳಲ್ಲಿ, ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ನಗರದಲ್ಲಿ ನಾಲ್ಕನ್ನೂ ಹೋಲಿಸಲಾಯಿತು. ಎಲ್ಲದರಲ್ಲಿಯೂ ಉಂಗುರವೇ ಇದ್ದಿತು. ಅಷ್ಟಕ್ಕೇ ತೃಪ್ತರಾಗದೆ, ಉಂಗುರವಿಲ್ಲದ ಕೃತಕ ದತ್ತಾಂಶವನ್ನೂ ಮೂರು ತಂತ್ರಾಂಶಗಳಿಗೆ ಉಣಿಸಿ, ಇಲ್ಲದ ಉಂಗುರವನ್ನು ಅವು ಕಲ್ಪಿಸುತ್ತವೆಯೇ ಎಂದು ಪರೀಕ್ಷಿಸಿದರು. ಚಿತ್ರವು 2019ರ ಏಪ್ರಿಲ್ 10ರಂದು ಪ್ರಕಟವಾಯಿತು.

ಇವನ್ನು ನಾಲ್ಕು ಸಾಕ್ಷ್ಯಗಳೆನ್ನಬಹುದೇ? ನಾವು ಹಿಂಜರಿಯುತ್ತೇವೆ. ದತ್ತಾಂಶವು ಒಂದೇ ಆದುದರಿಂದ ಇವು ನಾಲ್ಕು ಶಾಸನಗಳಲ್ಲ. ಒಂದೇ ಶಾಸನಕ್ಕೆ ನಾಲ್ವರು ಪ್ರತ್ಯೇಕವಾಗಿ ಮಾಡಿಕೊಂಡ ವಾಚನಗಳು. ಆದರೂ ಒಬ್ಬರ ಹೆಗಲ ಮೇಲಿಂದ ಇಣುಕಿ ಓದಿದ ನಾಲ್ಕು ವಾಚನಗಳಿಗಿಂತ ಇವುಗಳ ಬೆಲೆ ಹೆಚ್ಚು. ಒಂದೇ ತೆರೆಯ ಮೇಲೆ ಹಲವರು ಬೆರಳಿಡುವ ಸೌಕರ್ಯವನ್ನೇ ಹೊಗಳುವವರು, ಆ ಸೌಕರ್ಯವನ್ನು ಕೆಲಕಾಲ ಬೇಕೆಂದೇ ತೊರೆದ ಈ ವಿವೇಕವನ್ನು ಗಮನಿಸಬೇಕು.

ದತ್ತಾಂಶವನ್ನೂ ತಂತ್ರಾಂಶವನ್ನೂ ಎಲ್ಲರಿಗೂ ತೆರೆದಿಟ್ಟುದರ ಫಲವು ಬೇಗನೆ ಕಂಡಿತು. ಸಹಯೋಗದ ಹೊರಗಿನ ಕೆಲವರು ಉಂಗುರವನ್ನೇ ಮತ್ತೆ ಪಡೆದರು. ಜಪಾನಿನ ಮಿಯೋಷಿ ಮೊದಲಾದವರು ಮಾತ್ರ 2022ರಲ್ಲಿ ಅದೇ ದತ್ತಾಂಶದಿಂದ ಬೇರೆಯದೇ ಆದ ಚಿತ್ರವನ್ನು ಪಡೆದು, ಉಂಗುರವು ವಿಶ್ಲೇಷಣೆಯ ದೋಷದಿಂದ ಹುಟ್ಟಿದುದೆಂದು ವಾದಿಸಿದರು. ಅವರ ವಿಧಾನದಲ್ಲಿಯೇ ದೋಷವಿದೆಯೆಂದು ಸಹಯೋಗದವರು ಉತ್ತರವಿತ್ತರು.