ಕಷ್ಟದಲ್ಲಿ ಸರಾಗ ಬೇಡುವ ದುಆ

ಕೈಗೊಂಡ ಕೆಲಸ ಕಗ್ಗಂಟಾದಾಗ ಮುಸ್ಲಿಮರು ಹೇಳಿಕೊಳ್ಳುವ ಎರಡು ವಾಕ್ಯಗಳ ಕಿರು ಪ್ರಾರ್ಥನೆ (ದುಆ) ಇದು. ಅಲ್ಲಾಹನು ಸುಲಭಗೊಳಿಸಿದ್ದನ್ನು ಬಿಟ್ಟರೆ ಸುಲಭವೆಂಬುದೇ ಇಲ್ಲ, ಅವನು ಮನಸ್ಸು ಮಾಡಿದರೆ ಕಠಿಣವಾದುದೂ ಸುಲಭವಾಗುತ್ತದೆ ಎಂಬುದು ಇದರ ಸಾರ. ಪರೀಕ್ಷೆ, ಸಂದರ್ಶನ, ಸಾಲ, ಕಾಯಿಲೆಗಳ ಹೊತ್ತಿನಲ್ಲಿ ಇದನ್ನು ಹೇಳಿಕೊಳ್ಳುವವರು ಬಹಳ. ಕಷ್ಟ ತೊಲಗಿಸುವ ಮಂತ್ರವೆಂದು ಇದನ್ನು ಕಾಣುವವರೂ ಇದ್ದಾರೆ. ಆದರೆ ಇದರ ರಚನೆಯನ್ನೇ ಗಮನಿಸಿದರೆ, ಇದು ಬೇಡಿಕೆಗಿಂತ ಹೆಚ್ಚಾಗಿ ಅವಲಂಬನೆಯ ಒಪ್ಪಿಗೆ. ‘ಕೊಡು’, ‘ನೀಗಿಸು’ ಎಂಬಂಥ ಕೋರಿಕೆಯ ಕ್ರಿಯಾಪದ ಇಲ್ಲಿ ಒಂದೂ ಇಲ್ಲ.

ಇಂಥ ಬೇಡಿಕೆಗೆ ಕುರ್‌ಆನ್‌ನಲ್ಲೇ ಮಾದರಿಯಿದೆ. 21ನೆಯ ಅಧ್ಯಾಯದಲ್ಲಿ ಮೀನಿನ ಹೊಟ್ಟೆಯೊಳಗಿನ ಪ್ರವಾದಿ ಯೂನುಸ್ ಬಿಡುಗಡೆಯ ಮಾತನ್ನೇ ಎತ್ತುವುದಿಲ್ಲ. ದೇವರ ಏಕತ್ವವನ್ನೂ ತಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತಾರೆ, ಅಷ್ಟೆ. ಮರು ವಚನದಲ್ಲೇ ಮೊರೆ ಆಲಿಸಿದ್ದಾಗಿ ಹೇಳಿದೆ. ಆಡದ ಬೇಡಿಕೆ ಅಲ್ಲಿ ಒಪ್ಪಿಗೆಯೊಳಗೇ ಅಡಗಿದೆ.

ಈ ದುಆದ ಪ್ರಾಮಾಣ್ಯದ ಬಗ್ಗೆ ಆಕ್ಷೇಪವಿದೆ. ಪ್ರವಾದಿ ಮುಹಮ್ಮದರ ಸೇವೆಯಲ್ಲಿದ್ದ ಅನಸ್ ಬಿನ್ ಮಾಲಿಕ್, ಅವರಿಂದ ಬಸ್ರಾದ ಸಾಬಿತ್ ಅಲ್-ಬುನಾನಿ, ಅವರಿಂದ ಹಮ್ಮಾದ್ ಬಿನ್ ಸಲಮಾ ಎಂಬ ವರದಿ ಸರಣಿಯಲ್ಲಿ ಇದು ಬಂದಿದೆ. ಇಬ್ನ್ ಹಿಬ್ಬಾನ್ (ಮರಣ 965) ಇದನ್ನು ತಮ್ಮ ‘ಸಹೀಹ್’ ಸಂಗ್ರಹಕ್ಕೆ ಸೇರಿಸಿದರು. ಇಬ್ನುಸ್ಸುನ್ನಿಯವರ ಸಂಕಲನದಲ್ಲೂ ಇದೆ. ಕೆಲವು ವರದಿಗಳಲ್ಲಾದರೋ ಅನಸರ ಹೆಸರಿಲ್ಲ. ಸಾಬಿತ್ ನೇರವಾಗಿ ಪ್ರವಾದಿಯವರಿಂದಲೇ ಹೇಳಿದಂತಿದೆ. ಹೀಗೆ ಕೊಂಡಿ ತಪ್ಪಿದ ವರದಿಗೆ ‘ಮುರ್ಸಲ್’ ಎನ್ನುತ್ತಾರೆ. ಆಕ್ಷೇಪ ಹುರುಳಿಲ್ಲದ್ದಲ್ಲ, ಆದರೂ ನಿರ್ಣಾಯಕವಲ್ಲ. ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ವಿಮರ್ಶೆಯ ದಿಗ್ಗಜ ಇಬ್ನ್ ಹಜರ್ (ಮರಣ 1449) ಇದನ್ನು ಸಹೀಹ್ (ಪ್ರಾಮಾಣಿಕ) ಎಂದೇ ಪರಿಗಣಿಸಿದರು. ಅವರಿಗಿಂತ ಮೊದಲೇ ಇಮಾಮ್ ನವವಿ (ಮರಣ 1277) ‘ಅಲ್-ಅದ್ಕಾರ್’ ಕೃತಿಯಲ್ಲಿ ಇದಕ್ಕೆ ಜಾಗ ಕೊಟ್ಟಿದ್ದರು. ಮೇಲಾಗಿ, ಇದರ ಆಶಯ ಕುರ್‌ಆನ್‌ಗೆ ಹೊಂದುವಂಥದ್ದು. ಸರಣಿಯ ಚರ್ಚೆ ಹೇಗೇ ಮುಗಿದರೂ ಪ್ರಾರ್ಥಿಸಲು ಅಡ್ಡಿಯಿಲ್ಲ.

ಎಲ್ಲವನ್ನೂ ದೇವರಿಗೆ ಬಿಟ್ಟರೆ ಮನುಷ್ಯ ಕೈಕಟ್ಟಿ ಕೂರುವುದಿಲ್ಲವೇ ಎಂಬುದು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ. ಕುರ್‌ಆನ್‌ನ 20ನೆಯ ಅಧ್ಯಾಯದ ಪ್ರವಾದಿ ಮೂಸಾ ಇದಕ್ಕೆ ಒಳ್ಳೆಯ ಉತ್ತರ. ಈಜಿಪ್ಟಿನ ದೊರೆ ಫಿರ್‌ಔನನ ಬಳಿಗೆ ಹೋಗೆಂಬ ಆಜ್ಞೆಯಾದಾಗ ಅವರು ಎದೆ ಅರಳಲಿ, ಕೆಲಸ ಹಗುರಾಗಲಿ, ನಾಲಗೆಯ ತೊಡಕು ಬಿಡಲಿ ಎಂದು ಬೇಡಿದರು. ಹೊಣೆಯಿಂದ ವಿನಾಯಿತಿ ಕೇಳಲಿಲ್ಲ. ಜೊತೆಗೆ ಅಣ್ಣ ಹಾರೂನರನ್ನು ಸಹಾಯಕರಾಗಿ ಕೊಡೆಂದು ಕೋರಿದರು. ದುಆ ಮಾಡಿದವರೇ ಕೆಲಸಕ್ಕೆ ಬೇಕಾದ ಏರ್ಪಾಡನ್ನೂ ಕೇಳಿಕೊಂಡರು ಎಂಬುದನ್ನು ಮರೆಯಬಾರದು. 94ನೆಯ ಅಧ್ಯಾಯವೂ ಕಷ್ಟದ ಜೊತೆಗೆ ಸರಾಗವಿದೆಯೆಂದು ಎರಡು ಬಾರಿ ಹೇಳಿ, ಬೆನ್ನಿಗೇ ಶ್ರಮಿಸಲು ಆಜ್ಞಾಪಿಸುತ್ತದೆ. ಒಂಟೆಯನ್ನು ಕಟ್ಟಿಹಾಕಿ, ಆಮೇಲೆ ದೇವರಲ್ಲಿ ಭರವಸೆಯಿಡು ಎಂಬ ಆಶಯದ ಹದೀಸ್ ತಿರ್ಮಿದಿಯ ಸಂಗ್ರಹದಲ್ಲಿದೆ. ತವಕ್ಕುಲ್ (ದೇವರ ಮೇಲಿನ ಭರವಸೆ) ಎಂದರೆ ಇದೇ: ಪ್ರಯತ್ನ ಮನುಷ್ಯನದು, ಫಲ ಅವನ ಹಿಡಿತದ್ದಲ್ಲ.

ಇಂತಿಷ್ಟು ಬಾರಿ ಪಠಿಸಿದರೆ ಕೆಲಸ ಕೈಗೂಡುತ್ತದೆ ಎಂಬ ಲೆಕ್ಕಾಚಾರಕ್ಕೆ ಈ ದುಆದ ಹದೀಸಿನಲ್ಲಿ ಆಧಾರವಿಲ್ಲ. ಅದು ಸಂಖ್ಯೆಯನ್ನೂ ಹೇಳುವುದಿಲ್ಲ, ವೇಳೆಯನ್ನೂ ಗೊತ್ತುಮಾಡುವುದಿಲ್ಲ.