ಗಾಯಾಳುವಿನ ರಸೀತಿ: ಮೋಟಾರು ವಿಮೆ ಮತ್ತು ಚಿಕಿತ್ಸಾ ವೆಚ್ಚದ ಇತಿಹಾಸ

ಮೋಟಾರು ಅಪಘಾತದಲ್ಲಿ ಗಾಯಗೊಂಡವನಿಗೆ ಔಷಧೋಪಚಾರದ ಖರ್ಚು ಅಂದೇ ಬೀಳುತ್ತದೆ. ಅದನ್ನು ತುಂಬಿಕೊಡಬೇಕಾದ ವಿಮಾ ಸಂಸ್ಥೆಯ ಹಣವಾದರೋ ಎಷ್ಟೋ ವೇಳೆ ವರುಷಗಳ ತರುವಾಯ ಕೈಸೇರುತ್ತದೆ. ಈ ಎರಡು ದಿನಗಳ ನಡುವಣ ಅಂತರವನ್ನು ಕಿರಿದುಗೊಳಿಸಲು ನಡೆದ ಪ್ರಯತ್ನವೇ ನಮ್ಮ ದೇಶದ ಮೋಟಾರು ವಿಮೆಯ ಇತಿಹಾಸದ ತಿರುಳೆನ್ನಬಹುದು. ಶಾಸನಗಳನ್ನೂ ತೀರ್ಪುಗಳನ್ನೂ ಕಾಲಾನುಕ್ರಮದಲ್ಲಿಟ್ಟು ನೋಡಿದರೆ ಈ ಸಂಗತಿ ಸ್ಪಷ್ಟವಾಗುತ್ತದೆ.

1855ರ ಮಾರಕ ಅಪಘಾತಗಳ ಕಾಯಿದೆ ಪರಿಹಾರದ ಹಕ್ಕನ್ನು ಕೊಟ್ಟುದು ಸತ್ತವನ ಕುಟುಂಬಕ್ಕೆ. ಬದುಕುಳಿದ ಗಾಯಾಳುವಾದರೋ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ಕೋರ್ಟು ಶುಲ್ಕ ತೆತ್ತು, ಎದುರಾಳಿಯ ತಪ್ಪನ್ನು ಸ್ಥಾಪಿಸಬೇಕಾಗಿತ್ತು. ಗೆದ್ದರೂ, ವಾಹನದ ಮಾಲೀಕನು ಕೈಬರಿದಾದವನಾಗಿದ್ದರೆ ಡಿಕ್ರಿ ಬರಿಯ ಕಾಗದವಾಗಿಯೇ ಉಳಿಯುತ್ತಿತ್ತು. ಈ ಕೊರತೆಯನ್ನು ನೀಗಲೆಂದು ಬ್ರಿಟನ್ನು 1930ರಲ್ಲಿ ಮೋಟಾರು ವಿಮೆಯನ್ನು ಕಡ್ಡಾಯಗೊಳಿಸಿತು. ಭಾರತದ 1939ರ ಮೋಟಾರು ವಾಹನಗಳ ಕಾಯಿದೆಯ ಎಂಟನೆಯ ಅಧ್ಯಾಯವೂ ಅದೇ ಜಾಡನ್ನು ಹಿಡಿಯಿತು. ಆದರೆ ಅದು ಜಾರಿಗೆ ಬಂದದ್ದು 1946ರ ಜುಲೈ 1ರಂದು. ವಿಮೆಯ ಕರಾರು ನಡೆಯುವುದು ಮಾಲೀಕನಿಗೂ ಸಂಸ್ಥೆಗೂ ನಡುವೆ. ಅವರಿಬ್ಬರಿಗೂ ಹೊರಗಿನವನಾದ ದಾರಿಹೋಕನೇ ಶಾಸನವು ಹೇಳುವ ಮೂರನೆಯ ವ್ಯಕ್ತಿ. ಕಾಯಿದೆಯು ಎಣಿಸಿದ ಕಾರಣಗಳನ್ನು ಬಿಟ್ಟು ಬೇರೆ ನೆವದಿಂದ ವಿಮಾ ಸಂಸ್ಥೆಯು ತನ್ನ ಹೊಣೆಯನ್ನು ಅಲ್ಲಗಳೆಯಲಾಗದೆಂದು ಸುಪ್ರೀಂ ಕೋರ್ಟು ಇತ್ಬಾರ್ ಸಿಂಗ್ ಮೊಕದ್ದಮೆಯಲ್ಲಿ 1959ರಲ್ಲಿ ತೀರ್ಮಾನಿಸಿತು.

ಹಣ ಕೊಡುವವರು ಗೊತ್ತಾದರು. ಕೊಡಿಸುವ ದಾರಿ ಮಾತ್ರ ಹಳೆಯದಾಗಿಯೇ ಇತ್ತು. 1956ರ ತಿದ್ದುಪಡಿಯು ಇದಕ್ಕೆಂದೇ ಪರಿಹಾರ ನ್ಯಾಯಮಂಡಲಿಗಳಿಗೆ ಅವಕಾಶ ಕಲ್ಪಿಸಿತು. ಅರ್ಜಿಗೆ ಮೊದಲು ಕೊಟ್ಟ ಗಡುವು 60 ದಿನಗಳು. ಮೂಳೆ ಮುರಿದು ಮಲಗಿದವನಿಗೆ ಅಷ್ಟು ಕಾಲ ಆಸ್ಪತ್ರೆಯಲ್ಲಿಯೇ ಕಳೆದುಹೋಗಬಹುದಾಗಿತ್ತು. 1969ರಲ್ಲಿ ಗಡುವು ಆರು ತಿಂಗಳಾಯಿತು. 1994ರಲ್ಲಿ ಅದನ್ನು ತೆಗೆದುಹಾಕಲಾಯಿತು. 2019ರ ತಿದ್ದುಪಡಿ ಆರು ತಿಂಗಳ ಮಿತಿಯನ್ನು ಮರಳಿ ತಂದಿತು.

ತಪ್ಪನ್ನು ಸಾಬೀತುಗೊಳಿಸುವ ಹೊರೆ ಇನ್ನೊಂದು ತೊಡಕು. ಚಾಲಕನ ಅಲಕ್ಷ್ಯವಿಲ್ಲದೆ ಪರಿಹಾರವಿಲ್ಲವೆಂದು ಮೀನು ಮೆಹತಾ ಮೊಕದ್ದಮೆಯಲ್ಲಿ 1977ರಲ್ಲಿ ತೀರ್ಪಾಯಿತು. 1982ರ ತಿದ್ದುಪಡಿ ಇದನ್ನು ಸಡಿಲಿಸಿ, ತಪ್ಪು ಯಾರದೆಂದು ಕೇಳದೆಯೇ ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಗೊತ್ತುಪಡಿಸಿತು. ಈ ಮೊತ್ತಗಳು 1994ರ ಹೊತ್ತಿಗೆ 50,000 ಮತ್ತು 25,000ಕ್ಕೆ ಏರಿದುವು. ಆದರೆ ತಿಂಗಳುಗಟ್ಟಲೆ ನರಳಿ ಕೊನೆಗೆ ಗುಣವಾದವನಿಗೆ ಈ ಏರ್ಪಾಟಿನಲ್ಲಿ ಪಾಲಿರಲಿಲ್ಲ. ಅದೇ 1994ರಲ್ಲಿ ತಪ್ಪಿನ ವಿಚಾರಣೆಯಿಲ್ಲದೆ ಪರಿಹಾರ ಕೊಡುವ ಪಟ್ಟಿಯೊಂದು ಸೇರಿತು. ಬಿಲ್ಲು, ವೋಚರುಗಳ ಆಧಾರವಿದ್ದರೂ ಅದರಲ್ಲಿ ಚಿಕಿತ್ಸೆಗೆ ದೊರೆಯುತ್ತಿದ್ದ ಪರಮಾವಧಿ 15,000 ರೂಪಾಯಿ. ಆಸ್ಪತ್ರೆಯ ದರಗಳು ಏರುತ್ತ ಹೋದರೂ 2018ರವರೆಗೆ ಈ ಅಂಕಿ ಕದಲಲಿಲ್ಲ.

ತಪ್ಪನ್ನು ಸಾಬೀತುಗೊಳಿಸಬಲ್ಲವನಿಗೆ ಇಂಥ ಮಿತಿಯಿರಲಿಲ್ಲ. ಅಲ್ಲಿ ನ್ಯಾಯಾಲಯಗಳ ದೃಷ್ಟಿ ಕ್ರಮೇಣ ವಿಶಾಲವಾಯಿತು. ಹಣದಲ್ಲಿ ಎಣಿಸಬಹುದಾದ ನಷ್ಟವನ್ನೂ ಎಣಿಸಲಾಗದ ನೋವನ್ನೂ 1995ರ ಹಟ್ಟಂಗಡಿ ತೀರ್ಪು ಬೇರೆಬೇರೆಯಾಗಿ ಪರಿಗಣಿಸಿತು. 2010ರ ರಾಜ್‌ಕುಮಾರ್ ತೀರ್ಪು ಆಸ್ಪತ್ರೆ, ಔಷಧ, ಓಡಾಟ, ಪೌಷ್ಟಿಕ ಆಹಾರ ಇವುಗಳ ವೆಚ್ಚವನ್ನೂ ಮುಂದೆ ಬೇಕಾಗುವ ಚಿಕಿತ್ಸೆಯ ವೆಚ್ಚವನ್ನೂ ಪರಿಹಾರದ ಬಾಬುಗಳಾಗಿ ಬಿಡಿಸಿ ಹೇಳಿತು. ಗಾಯದ ವೈದ್ಯಪತ್ರ, ಡಿಸ್‌ಚಾರ್ಜ್ ಚೀಟಿ, ಔಷಧದ ಅಂಗಡಿಯ ರಸೀತಿ ಇವು ಗಾಯಾಳುವಿನ ಸಾಕ್ಷಿಗಳಾದುವು. ಆದರೆ ರಸೀತಿ ಇರಬೇಕಾದರೆ ಮೊದಲು ಹಣ ಕೊಟ್ಟಿರಬೇಕು. ಹಣವಿಲ್ಲದವನು ಚಿಕಿತ್ಸೆಯನ್ನೇ ಪಡೆಯದಿದ್ದರೆ ಅವನ ಬಳಿ ತೋರಿಸಲು ರಸೀತಿಯೂ ಇರುವುದಿಲ್ಲ.

ಈ ವಿಪರ್ಯಾಸದ ಕಠೋರ ರೂಪ 1989ರ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಬೆಳಕಿಗೆ ಬಂದಿತು. ಕಾರು ಬಡಿದು ಬಿದ್ದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆ ಸೇರಿಸಿಕೊಳ್ಳದೆ 20 ಕಿಲೋಮೀಟರ್ ದೂರದ ಇನ್ನೊಂದಕ್ಕೆ ಕಳುಹಿಸಿತು. ಆತ ದಾರಿಯಲ್ಲಿಯೇ ಅಸುನೀಗಿದನೆಂಬ ಪತ್ರಿಕಾ ವರದಿ ಆ ಅರ್ಜಿಗೆ ಮೂಲ. ಪ್ರಾಣ ಉಳಿಸುವುದು ಮೊದಲು, ಕಾನೂನಿನ ವಿಧಿಗಳು ಆಮೇಲೆ ಎಂದು ನ್ಯಾಯಾಲಯ ಸಾರಿತು. ಆದರೆ ಆ ಚಿಕಿತ್ಸೆಯ ಹಣವನ್ನು ಯಾರು ಕೊಡಬೇಕೆಂಬ ಪ್ರಶ್ನೆ ಉಳಿಯಿತು.

ಇದಕ್ಕೆ ಕರ್ನಾಟಕ ಸರ್ಕಾರ 2016ರಲ್ಲಿ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ಯ ಮೂಲಕ ಒಂದು ಉತ್ತರ ಕೊಟ್ಟಿತು: ಅಪಘಾತದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆ ಉಚಿತ. 2019ರ ಕೇಂದ್ರ ತಿದ್ದುಪಡಿಯು ಅಪಘಾತದ ಮೊದಲ ಒಂದು ಗಂಟೆಯ ಚಿಕಿತ್ಸೆಗೆ ನಗದುರಹಿತ ವ್ಯವಸ್ಥೆ ಮಾಡಬೇಕೆಂದು ವಿಧಿಸಿತು. ಸುಪ್ರೀಂ ಕೋರ್ಟಿನ ಆದೇಶದ ತರುವಾಯ, 2025ರ ಮೇ ತಿಂಗಳಿನಲ್ಲಿ ಇದು ಯೋಜನೆಯ ರೂಪದಲ್ಲಿ ಪ್ರಕಟವಾಯಿತು: ಅಪಘಾತದ ದಿನದಿಂದ ಏಳು ದಿನಗಳ ಅವಧಿಗೆ ಗಾಯಾಳುವೊಬ್ಬನಿಗೆ 1.5 ಲಕ್ಷ ರೂಪಾಯಿವರೆಗೆ.

1855ರಲ್ಲಿ ಸತ್ತವನ ಮನೆಯವರನ್ನು ಮಾತ್ರ ನೆನೆದ ಶಾಸನವು ಗಾಯಾಳುವಿನ ಹಾಸಿಗೆಯ ಬಳಿಗೆ ಬರಲು 170 ವರ್ಷಗಳು ಹಿಡಿದುವು. ಎಂಟನೆಯ ದಿನದಿಂದ ಅವನು ಮತ್ತೆ ಹಳೆಯ ದಾರಿಯನ್ನೇ ಹಿಡಿಯಬೇಕು; ರಸೀತಿಗಳನ್ನು ಒಟ್ಟುಮಾಡಿಕೊಂಡು ನ್ಯಾಯಮಂಡಲಿಯ ಬಾಗಿಲಲ್ಲಿ ಕಾಯಬೇಕು. ಅಂತರ ಕಿರಿದಾಗಿದೆ, ಅಳಿದಿಲ್ಲ.