ಭೂಮಿ ಕೊಟ್ಟವರು, ಬಂದು ನೆಲಸಿದವರು: ವೈಟ್‌ಫೀಲ್ಡ್‌ನ ಜನವಿನ್ಯಾಸದ ಚರಿತ್ರೆ

ಬೆಂಗಳೂರಿನ ಪೂರ್ವ ಅಂಚಿನಲ್ಲಿರುವ ವೈಟ್‌ಫೀಲ್ಡ್‌ನ ಜನವಿನ್ಯಾಸ, ಅಂದರೆ ಅಲ್ಲಿ ಯಾವ ಮೂಲದ, ಯಾವ ಭಾಷೆಯ, ಯಾವ ಸಮುದಾಯದ ಜನ ಹೇಗೆ ನೆಲೆಗೊಂಡರು ಎಂಬ ವಿಷಯ, ಸಾಮಾನ್ಯವಾಗಿ ಎರಡು ಚಿತ್ರಗಳಲ್ಲಿ ಮುಗಿದುಹೋಗುತ್ತದೆ. ಹೆಂಚಿನ ಮನೆಗಳ ಆಂಗ್ಲೋ-ಇಂಡಿಯನ್ ಹಳ್ಳಿಯೊಂದಿತ್ತು, ಆಮೇಲೆ ಐಟಿ ಕಂಪನಿಗಳು ಬಂದವು ಎಂಬಲ್ಲಿಗೆ ಕಥೆ ನಿಲ್ಲುತ್ತದೆ. ಕಾಡುಗೋಡಿ, ಪಟ್ಟಂದೂರು ಅಗ್ರಹಾರ, ಇಮ್ಮಡಿಹಳ್ಳಿ, ಹಗದೂರು, ನಲ್ಲೂರಹಳ್ಳಿ, ವರ್ತೂರುಗಳಲ್ಲಿ ತಲೆಮಾರುಗಳಿಂದ ರಾಗಿ ಬೆಳೆದುಕೊಂಡು ಬಂದ ಜನ ಈ ಕಥೆಯ ಹಿನ್ನೆಲೆಯಾಗಿ ಮಾತ್ರ ಉಳಿಯುತ್ತಾರೆ. ಇದು ಸಣ್ಣ ಲೋಪವಲ್ಲ. ವೈಟ್‌ಫೀಲ್ಡ್‌ನಲ್ಲಿ ಯಾರು ನೆಲಸಬೇಕೆಂಬುದನ್ನು ಪ್ರತಿ ಘಟ್ಟದಲ್ಲೂ ತೀರ್ಮಾನಿಸಿದ್ದು ಭೂಮಿಯನ್ನು ಯಾರು ಯಾರಿಗೆ ಕೊಟ್ಟರು ಎಂಬುದೇ ಆಗಿರುವಾಗ, ಆ ಭೂಮಿಯ ಸುತ್ತ ಮೊದಲೇ ಇದ್ದವರನ್ನು ಬಿಟ್ಟು ಬರೆದ ಚರಿತ್ರೆ ಅರ್ಧ ಚರಿತ್ರೆಯೇ ಸರಿ.

ಈ ಸೀಮೆಯ ಜನವಸತಿಗೆ ಸಿಗುವ ಹಳೆಯ ಲಿಖಿತ ಸಾಕ್ಷ್ಯಗಳಲ್ಲಿ ಕಾಡುಗೋಡಿಯ ಶಾಸನ ಮುಖ್ಯವಾದದ್ದು. ರಾಜೇಂದ್ರ ಚೋಳನ ಆಳ್ವಿಕೆಗೆ ಸೇರಿದ, ಕ್ರಿ.ಶ. 1043ರ ಈ ತಮಿಳು ಶಾಸನವು ರಾಜರಾಜ ವೇಳಾನ್ ಎಂಬ ಅಧಿಕಾರಿ ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ಅದಕ್ಕೆ ತೂಬುಗಳನ್ನು ಇಡಿಸಿ, ದುರ್ಗೆ, ಗಣಪತಿ ಮತ್ತು ಕ್ಷೇತ್ರಪಾಲರನ್ನು ಪ್ರತಿಷ್ಠೆ ಮಾಡಿಸಿದ ಸಂಗತಿಯನ್ನು ದಾಖಲಿಸುತ್ತದೆ. ತೂಬು ಎಂದರೆ ಕೆರೆಯ ನೀರನ್ನು ಅಳತೆಯಿಂದ ಗದ್ದೆಗೆ ಬಿಡುವ ಬಾಯಿ. ತೂಬು ಇದ್ದಲ್ಲಿ ಗದ್ದೆ ಇರಬೇಕು, ಗದ್ದೆ ಇದ್ದಲ್ಲಿ ಊರೂ ಇರಬೇಕು. ಶಾಸನದಲ್ಲಿ ಇನ್ನೂ ಗಮನಿಸಬೇಕಾದದ್ದು ಹೆಸರುಗಳು. ಚೋಳ ಪದ್ಧತಿಯ ಬಿರುದನ್ನು ಹೊತ್ತ ಈ ರಾಜರಾಜ ವೇಳಾನ್‌ನ ತಂದೆಯ ಹೆಸರು ಪೆರ್ಮಾಡಿ ಗಾವುಂಡ. ಪೆರ್ಮಾಡಿ ಎಂಬುದು ಗಂಗರ ಕಾಲದಿಂದ ಈ ನಾಡಿನಲ್ಲಿ ಬಳಕೆಯಲ್ಲಿದ್ದ ಹೆಸರು. ಗಾವುಂಡ ಎಂದರೆ ಇಂದಿನ ಗೌಡ, ಊರಿನ ಮುಖ್ಯಸ್ಥ. ಗಂಗವಾಡಿ ಚೋಳರ ವಶವಾದ ನಂತರದ ಒಂದೇ ಮನೆತನದಲ್ಲಿ ತಂದೆಗೆ ಕನ್ನಡ ಸೀಮೆಯ ಹೆಸರು, ಮಗನಿಗೆ ಚೋಳ ಅರಸನ ಹೆಸರು, ಶಾಸನಕ್ಕೆ ತಮಿಳು ಭಾಷೆ. ವೈಟ್‌ಫೀಲ್ಡ್‌ನ ಭಾಷಾಮಿಶ್ರಣವನ್ನು ಕೇವಲ ಮೂವತ್ತು ವರ್ಷಗಳ ವಿದ್ಯಮಾನವೆಂದು ಬಗೆಯುವವರು ಈ ಕಲ್ಲನ್ನು ಒಮ್ಮೆ ಓದಬೇಕು. ಕೋಲಾರದ ಕಡೆಗೆ ಚಾಚಿಕೊಂಡಿರುವ ಈ ಪೂರ್ವ ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕುಟುಂಬಗಳು ಇಂದಿಗೂ ಸಾಮಾನ್ಯ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದವರು ಬೇರೆಯೇ ಬಗೆಯವರು. ಅಂದಿನ ಸರ್ಕಾರಿ ಪರಿಭಾಷೆಯಲ್ಲಿ ಯುರೇಶಿಯನ್ ಎಂದರೆ ಯುರೋಪಿಯನ್ ತಂದೆ ಮತ್ತು ಭಾರತೀಯ ತಾಯಿಯ ಸಂತತಿ. ಆಂಗ್ಲೋ-ಇಂಡಿಯನ್ ಎಂಬ ಪದ ಆಗ ಭಾರತದಲ್ಲಿ ನೆಲಸಿದ್ದ ಇಂಗ್ಲಿಷರಿಗೆ ಸಲ್ಲುತ್ತಿತ್ತು. 1911ರಲ್ಲಿ ಸರ್ಕಾರವೇ ಅದನ್ನು ಮಿಶ್ರಮೂಲದವರಿಗೆ ಅಧಿಕೃತವಾಗಿ ಅನ್ವಯಿಸಿತು. ಈಸ್ಟ್ ಇಂಡಿಯಾ ಕಂಪನಿ 1791ರಲ್ಲಿ ಭಾರತೀಯ ತಾಯಿ ಅಥವಾ ತಂದೆಯ ಮಕ್ಕಳನ್ನು ತನ್ನ ಮೇಲ್ದರ್ಜೆಯ ಸಿವಿಲ್ ಮತ್ತು ಸೈನಿಕ ಹುದ್ದೆಗಳಿಂದ ಹೊರಗಿಟ್ಟಾಗಿನಿಂದ ಈ ಸಮುದಾಯದ ಪಾಡು ಇಕ್ಕಟ್ಟಿನದಾಯಿತು. 1857ರ ನಂತರ ರೈಲ್ವೆ, ತಂತಿ, ಸುಂಕದ ಕಚೇರಿಗಳು ಅವರಿಗೆ ಆಸರೆಯಾದರೂ, ಆ ಕೆಲಸಗಳ ಆಚೆಗೆ ಕೈಯಲ್ಲಿ ಭೂಮಿಯಾಗಲಿ ಬಂಡವಾಳವಾಗಲಿ ಇರಲಿಲ್ಲ.

ಮದರಾಸಿನಲ್ಲಿ 1879ರಲ್ಲಿ ಯುರೇಶಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘವನ್ನು ಕಟ್ಟಿದ ಡಿ.ಎಸ್. ವೈಟ್ ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಬೇಸಾಯ. ಸರ್ಕಾರಿ ನೌಕರಿಯನ್ನೇ ನೆಚ್ಚಿಕೊಂಡ ಜನ ಸ್ವಂತ ನೆಲದ ಮೇಲೆ ನಿಲ್ಲಬೇಕೆಂಬುದು ಆತನ ಆಶಯ. 1881ರಲ್ಲಿ ಬ್ರಿಟಿಷರಿಂದ ಮೈಸೂರಿನ ಆಡಳಿತವನ್ನು ಮರಳಿ ಪಡೆದ ಹತ್ತನೆಯ ಚಾಮರಾಜ ಒಡೆಯರ್ ಮರುವರ್ಷವೇ, 1882ರಲ್ಲಿ, ಮೈಸೂರು ಮತ್ತು ಕೊಡಗಿನ ಯುರೇಶಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೃಷಿ ವಸಾಹತುಗಳಿಗಾಗಿ 3,900 ಎಕರೆ ಭೂಮಿಯನ್ನು ಮಂಜೂರು ಮಾಡಿದರು. ಅದರಲ್ಲಿ ಹೆಸರಾದ ವಸಾಹತಿಗೆ ವೈಟ್‌ನ ಹೆಸರೇ ನಿಂತು ವೈಟ್‌ಫೀಲ್ಡ್ ಆಯಿತು. ಬಿಳಿಯರ ಊರು ಎಂಬರ್ಥದಲ್ಲಿ ಬಂದ ಹೆಸರು ಇದೆಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ತಮ್ಮನ್ನು ಬಿಳಿಯರೆಂದು ಬಿಳಿಯರೂ ಒಪ್ಪದ, ತಮ್ಮವರೆಂದು ಭಾರತೀಯರೂ ಒಪ್ಪದ ಜನರಿಗಾಗಿ ಕಟ್ಟಿದ ಊರಿಗೆ ಇಂಥ ತಪ್ಪುಗ್ರಹಿಕೆ ಅಂಟಿಕೊಂಡದ್ದು ವಿಷಾದದ ಸಂಗತಿ.

ವಸಾಹತಿನ ನಕ್ಷೆ ಸುತ್ತಲಿನ ಯಾವ ಹಳ್ಳಿಯನ್ನೂ ಹೋಲುವುದಿಲ್ಲ. ನಡುವೆ ದುಂಡನೆಯ ಬಯಲು, ಅದರ ಸುತ್ತ ಒಳವರ್ತುಲದ ಬೀದಿ, ಅದರಾಚೆ ಹೊರವರ್ತುಲ, ಮನೆ ಮನೆಗೂ ದೊಡ್ಡ ಹಿತ್ತಲು. ಕೆರೆಯ ಏರಿಗೂ ಊರದೇವತೆಯ ಗುಡಿಗೂ ಹೊಂದಿಕೊಂಡು, ಜಾತಿಗೊಂದು ಕೇರಿಯಾಗಿ ಬೆಳೆದ ಹಳ್ಳಿಗಳ ನಡುವೆ ಇದು ಕೈವಾರ ಹಿಡಿದು ಬರೆದ ಊರು. 1907ರಲ್ಲಿ ಒಳವರ್ತುಲದಲ್ಲಿ 45, ಹೊರವರ್ತುಲದಲ್ಲಿ 18 ಮನೆಗಳಿದ್ದವು. ಅಂದರೆ ಮಂಜೂರಾತಿಯಾಗಿ ಕಾಲು ಶತಮಾನ ಕಳೆದರೂ ಊರು ಅರವತ್ತಮೂರು ಮನೆಗಳನ್ನು ದಾಟಿರಲಿಲ್ಲ. ಮಳೆಯನ್ನೇ ನಂಬಿದ ಕೆಂಪು ಮಣ್ಣು, ಬೇಸಾಯದ ಅನುಭವವಿಲ್ಲದ ಕೈಗಳು. ಹೊಲದ ದುಡಿಮೆಗೆ ಸುತ್ತಲಿನ ಹಳ್ಳಿಗಳ ಜನವೇ ಬೇಕಾಯಿತು. ಬೇಸಾಯಗಾರರ ವಸಾಹತಾಗಿ ಹುಟ್ಟಿದ್ದು ಕ್ರಮೇಣ ರೈಲ್ವೆಯಿಂದಲೂ ಕೋಲಾರದ ಚಿನ್ನದ ಗಣಿಯಿಂದಲೂ ನಿವೃತ್ತರಾದವರ ನೆಲೆಯಾಯಿತು. 1864ರಲ್ಲಿ ಆರಂಭವಾದ ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗದ ನಿಲ್ದಾಣ ಹತ್ತಿರದಲ್ಲೇ ಇದ್ದುದು ಇದಕ್ಕೆ ಅನುಕೂಲವಾಯಿತು.

ಸ್ವಾತಂತ್ರ್ಯದ ನಂತರ ಆಂಗ್ಲೋ-ಇಂಡಿಯನ್ ಎಂಬ ಗುರುತಿಗೆ ಸಂವಿಧಾನದ 366(2)ನೆಯ ವಿಧಿ ವ್ಯಾಖ್ಯೆ ಕೊಟ್ಟಿತು: ತಂದೆಯ ಕಡೆಯ ಪೂರ್ವಿಕರಲ್ಲಿ ಯುರೋಪಿಯನ್ ಮೂಲದವರಿದ್ದು, ಭಾರತದಲ್ಲೇ ನೆಲಸಿದ ತಂದೆತಾಯಿಗೆ ಇಲ್ಲಿಯೇ ಹುಟ್ಟಿ ನೆಲೆನಿಂತವರು. ತಾಯಿಯ ಕಡೆಯ ಮೂಲಕ್ಕೆ ಈ ವ್ಯಾಖ್ಯೆಯಲ್ಲಿ ಬೆಲೆಯಿಲ್ಲ. 1951ರ ಜನಗಣತಿ ದೇಶದಲ್ಲಿ 1,11,637 ಆಂಗ್ಲೋ-ಇಂಡಿಯನ್ನರನ್ನು ಲೆಕ್ಕ ಹಾಕಿತ್ತು. 2019ರಲ್ಲಿ ಕೇಂದ್ರ ಕಾನೂನು ಸಚಿವರು 2011ರ ಜನಗಣತಿಯನ್ನು ಆಧರಿಸಿ ಸಂಸತ್ತಿಗೆ ಕೊಟ್ಟ ಸಂಖ್ಯೆ 296. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಿಗೆ ದೊಡ್ಡ ಸಂಖ್ಯೆಯ ವಲಸೆ ನಡೆದದ್ದು ನಿಜವಾದರೂ ಈ ಕುಸಿತಕ್ಕೆ ವಲಸೆಯೊಂದೇ ಕಾರಣವೆನ್ನಲು ಬರುವುದಿಲ್ಲ. ಬೆಂಗಳೂರೊಂದರಲ್ಲೇ ಅದಕ್ಕಿಂತ ಹೆಚ್ಚು ಮಂದಿಯನ್ನು ಯಾರಾದರೂ ಎಣಿಸಬಹುದು. ಗಣತಿಯ ನಮೂನೆಯಲ್ಲಿ ಧರ್ಮದ ಕಾಲಮ್ಮಿಗೆ ಕ್ರೈಸ್ತ, ಮಾತೃಭಾಷೆಯ ಕಾಲಮ್ಮಿಗೆ ಇಂಗ್ಲಿಷ್ ಎಂದು ಬರೆಸಿದವರು ಸಮುದಾಯವಾಗಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಸಮುದಾಯದ ಪ್ರತಿನಿಧಿಗಳು ಆ ಸಂಖ್ಯೆಯನ್ನು ಒಪ್ಪಲಿಲ್ಲ. ಆದರೂ 2020ರ ಜನವರಿಯಲ್ಲಿ ಜಾರಿಗೆ ಬಂದ 104ನೆಯ ತಿದ್ದುಪಡಿಯೊಂದಿಗೆ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿನ ಅವರ ನಾಮನಿರ್ದೇಶನ ಕೊನೆಗೊಂಡಿತು.

ಆಂಗ್ಲೋ-ಇಂಡಿಯನ್ ಮನೆಗಳು ಒಂದೊಂದಾಗಿ ಕೈಬದಲಾಗುತ್ತಿದ್ದ ಕಾಲದಲ್ಲೇ ಧಾರ್ಮಿಕ ಸಂಸ್ಥೆಗಳು ಹೊಸಬರನ್ನು ಕರೆತಂದವು. ಕಾಡುಗೋಡಿಯ ಬೃಂದಾವನದಲ್ಲಿ ಸತ್ಯಸಾಯಿ ಬಾಬಾ ನೆಲೆ ಮಾಡಿಕೊಂಡ ಮೇಲೆ ಆಂಧ್ರದ ಭಕ್ತರೂ ಹೊರದೇಶದ ಭಕ್ತರೂ ಇಲ್ಲಿ ಮನೆ ಹಿಡಿಯತೊಡಗಿದರು. 2001ರಲ್ಲಿ ಆರಂಭವಾದ ಸಂಸ್ಥೆಯ ಉಚಿತ ಆಸ್ಪತ್ರೆ ದೂರದ ರಾಜ್ಯಗಳ ಬಡ ರೋಗಿಗಳನ್ನು ಇತ್ತ ತಂದಿತು.

ದೊಡ್ಡ ಪಲ್ಲಟ ನಡೆದದ್ದು 1990ರ ದಶಕದಲ್ಲಿ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಸ್ವಾಧೀನಪಡಿಸಿಕೊಂಡ ಭೂಮಿಯಲ್ಲಿ ರಫ್ತು ಉತ್ತೇಜನ ಕೈಗಾರಿಕಾ ಪಾರ್ಕ್ ತಲೆಯೆತ್ತಿತು. ಅದರ ಪಕ್ಕದಲ್ಲೇ ಸಿಂಗಪುರದ ಕಂಪನಿಗಳ ಒಕ್ಕೂಟ, ಟಾಟಾ ಮತ್ತು ರಾಜ್ಯ ಸರ್ಕಾರ ಸೇರಿ ಕಟ್ಟಿದ ಐಟಿಪಿಎಲ್ ಎಂಬ ಐಟಿ ಪಾರ್ಕ್ ಬಂತು. 1882ರಲ್ಲಿ ಅರಸರು ಸಂಘವೊಂದಕ್ಕೆ ಭೂಮಿ ಕೊಟ್ಟಿದ್ದರು. ಈಗ ಸರ್ಕಾರ ರೈತರಿಂದ ಪಡೆದು ಕಂಪನಿಗಳಿಗೆ ಕೊಟ್ಟಿತು. ಪರಿಹಾರದ ಹಣದಲ್ಲಿ ಬಾಡಿಗೆ ಮನೆ, ಪಿಜಿ ಕಟ್ಟಿಸಿದ ಭೂಮಾಲೀಕ ಕುಟುಂಬಗಳು ಹೊಸ ಊರಿನಲ್ಲಿಯೂ ಜಾಗ ಉಳಿಸಿಕೊಂಡವು. ಪರರ ಹೊಲದ ಕೂಲಿಯನ್ನೇ ನಂಬಿದ್ದ ದಲಿತ ಕುಟುಂಬಗಳಿಗೆ ಪರಿಹಾರ ಬರುವ ಪ್ರಶ್ನೆಯೇ ಇರಲಿಲ್ಲ. ಅವರ ಕೇರಿಗಳು ಅಪಾರ್ಟ್‌ಮೆಂಟ್‌ಗಳ ನಡುವೆ ಉಳಿದುಕೊಂಡಿವೆ, ಹೊಲ ಉಳಿದಿಲ್ಲ.

ಹೊಸದಾಗಿ ಬಂದವರೂ ಒಂದೇ ತೆರನವರಲ್ಲ. ಕಚೇರಿಗಳಿಗೆ ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳ, ಉತ್ತರ ಭಾರತದ ಪದವೀಧರರು ಬಂದರೆ, ಆ ಕಚೇರಿಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಕುಟುಂಬ ಸಮೇತ ಗಾರೆ ಕೆಲಸಕ್ಕೆ ಬಂದವರು, ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದಿಂದ ಒಂಟಿಯಾಗಿ ಬಂದವರು ತಗಡಿನ ಶೆಡ್ಡುಗಳಲ್ಲಿ ಉಳಿದರು. ತೂಬರಹಳ್ಳಿ, ಮುನ್ನೇಕೊಳಾಲದ ಕಡೆ ಕಸ ಆಯ್ದು ವಿಂಗಡಿಸುವ ಬಂಗಾಳಿ ಭಾಷಿಕರ ಶೆಡ್ಡುಗಳಿವೆ. ಕನ್ನಡವೇ ಮನೆಮಾತಾದ ಕಲಬುರಗಿಯ ಗಾರೆ ಕೆಲಸದವರನ್ನೂ ಇಲ್ಲಿ ವಲಸಿಗರೆಂದೇ ಎಣಿಸಲಾಗುತ್ತದೆ ಎಂಬುದು, ಭಾಷೆಯೊಂದರಿಂದಲೇ ಒಳಗಿನವರು ಹೊರಗಿನವರು ಎಂದು ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದನ್ನು ತೋರಿಸುತ್ತದೆ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಶೇಕಡಾ 44ರಷ್ಟು, ತಮಿಳು ಮತ್ತು ತೆಲುಗು ಮಾತೃಭಾಷೆಯವರು ತಲಾ ಶೇಕಡಾ 15ರ ಆಸುಪಾಸು. ಇದು ಇಡೀ ಜಿಲ್ಲೆಯ ಲೆಕ್ಕ. ತಿಂಗಳುಗಟ್ಟಲೆ ಶೆಡ್ಡಿನಲ್ಲಿದ್ದು ಮುಂದಿನ ಕಟ್ಟಡಕ್ಕೆ ಹೊರಡುವ ಜನ ಇಂಥ ಲೆಕ್ಕಗಳಿಂದ ಸುಲಭವಾಗಿ ಜಾರಿಹೋಗುತ್ತಾರೆ.

ಆಡಳಿತದಲ್ಲಿ ಈ ಪ್ರದೇಶ ಮಹದೇವಪುರ ನಗರಸಭೆಗೆ ಸೇರಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಗಿ, 2025ರಲ್ಲಿ ಬೆಂಗಳೂರು ಪೂರ್ವ ನಗರ ಪಾಲಿಕೆಯ ಪಾಲಾಯಿತು. 2023ರ ಮಾರ್ಚ್‌ನಲ್ಲಿ ಆರಂಭವಾದ ಮೆಟ್ರೊ ಮಾರ್ಗದಲ್ಲಿ ಈಗ ಪಟ್ಟಂದೂರು ಅಗ್ರಹಾರ ಒಂದು ನಿಲ್ದಾಣ; 1043ರ ಶಾಸನದಲ್ಲಿ ಕೆರೆಗೆ ತೂಬು ಇಡಿಸಿಕೊಂಡ ಊರು ಅದೇ. ಅದರ ಹಿಂದಿನ ನಿಲ್ದಾಣಕ್ಕೆ ಸತ್ಯಸಾಯಿ ಆಸ್ಪತ್ರೆಯ ಹೆಸರಿದೆ. ಕೊನೆಯ ನಿಲ್ದಾಣದ ಫಲಕದಲ್ಲಿ ಡಿ.ಎಸ್. ವೈಟ್‌ನ ಹೆಸರು ಹೊತ್ತ ಊರಿನ ಪಕ್ಕಕ್ಕೆ, ಕಂಸದೊಳಗೆ, ಕಾಡುಗೋಡಿ ಎಂದು ಬರೆದಿದೆ.